ಅಲ್ಲೂ ಹೊಳೆ ಕಟ್ಟಿದ್ದಾರಾ ಅಂತ ಕೇಳಿದ್ದೆಯಲ್ಲ, ಅಜ್ಜಿ

ಮಲೇನಿ, ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ಅಜ್ಜಿಗೆ,

ನಿನ್ನ ಮೊಮ್ಮಗಳು ಮಾಡುವ ನಮಸ್ಕಾರ. ನಾನಿಲ್ಲಿ ಚೆನ್ನಾಗಿದ್ದೇನೆ. ಈ ಕಾಗದವನ್ನು ಪುಟ್ಟ ನಿನಗೆ ಓದಿ ಹೇಳಬೇಕು. ಪುಟ್ಟಾ, ಗಡಿಬಿಡಿ ಮಾಡಬೇಡ. ಅಜ್ಜಿಗೆ ಎಲೆಅಡಿಕೆ ತಟ್ಟೆ ಕೊಟ್ಟು, ಜಗುಲಿಯಲ್ಲಿ ಕೂತು ನಿಧಾನ ಓದು.

ಹೋದ ವಾರ ಪುಟ್ಟ ನಿನ್ನನ್ನು ಸಿಗಂದೂರಿಗೆ ಶರಾವತಿ ಹಿನ್ನೀರಿನ ಹೊಸ ಸೇತುವೆ ಮೇಲೆ ಕರೆದುಕೊಂಡು ಹೋದ ಸುದ್ದಿ ಕೇಳಿದೆ. ನಿನ್ನ ಹಳೇ ಊರು ಮುಳುಗಿದ ಆ ನೀರಿನ ನಡುವೆ ಎಲ್ಲೋ ನೀನು "ಕಾರು ನಿಲ್ಲಿಸು" ಅಂದೆಯಂತೆ. "ಇಲ್ಲಿ ನಿಲ್ಲಿಸೋ ಹಾಗಿಲ್ಲ" ಅಂತ ಇವನು ಮುಂದೆ ಹೊರಟನಂತೆ. ಆಮೇಲೆ ಫೋನಿನಲ್ಲಿ ನೀನು ನನ್ನನ್ನು ಕೇಳಿದ್ದು ಇಷ್ಟೇ. "ನೀನಿರೋ ಕಡೆ ಹೊಳೆ ಇದೆಯಾ? ಅದನ್ನೂ ಕಟ್ಟಿದ್ದಾರಾ?" ಅಷ್ಟರಲ್ಲಿ ಲೈನ್ ಹೋಯಿತು. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹೊಳೆ ಇದೆ ಅಜ್ಜಿ. ಅದರ ಹೆಸರು ಓಬಿ ಓಬಿ. ಮೊದಲ ಸಲ ಕೇಳಿದಾಗ ನನಗೆ ನಮ್ಮ ಓಬವ್ವ ನೆನಪಾದಳು. ಇದು ಇಲ್ಲಿನ ಮೂಲನಿವಾಸಿಗಳ ಒಬ್ಬ ಹಿರಿಯನ ಹೆಸರು ಅನ್ನುತ್ತಾರೆ. ಮಲೇನಿ ಗುಡ್ಡದಲ್ಲಿ ಹುಟ್ಟಿ, ನಮ್ಮ ಪೇಟೆಯ ಪಕ್ಕದಲ್ಲೇ ಹರಿದು, ಕಣಿವೆಗೆ ಇಳಿದು, ಕೆನಿಲ್‌ವರ್ತ್ ಅನ್ನುವ ಊರಿನ ಹತ್ತಿರ ಮೇರಿ ನದಿಗೆ ಸೇರುತ್ತದೆ. ಮೇರಿ ಅಲ್ಲಿಂದ ಉತ್ತರಕ್ಕೆ ಹೋಗಿ ಸಮುದ್ರ ಮುಟ್ಟುತ್ತದೆ.

ಇಲ್ಲಿ ಬೇಸಿಗೆಯೂ ಮಳೆಗಾಲವೂ ಒಟ್ಟಿಗೇ ಬರುತ್ತವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸೆಕೆ, ಅದರ ಮೇಲೆ ಮಳೆ. ಕಾಡು ನೋಡಿದರೆ ನಮ್ಮ ಕಡೆಯದೇ ಅನ್ನಿಸುತ್ತದೆ. ಗೋಳಿಮರ ಇನ್ನೊಂದು ಮರವನ್ನು ಅಪ್ಪಿ ಹಿಡಿದು ನಿಂತಿರುತ್ತದೆ. ಬೀಳಲು, ಬೆತ್ತದ ಬಳ್ಳಿ, ಜರೀಗಿಡ ಎಲ್ಲ ಇವೆ. ಉಂಬಳ ಕೂಡ ಇದೆ! ಮೊದಲ ದಿನವೇ ಕಾಲಿಗೆ ಹತ್ತಿತ್ತು. ಜೊತೆಗಿದ್ದವಳು ಕಿರುಚಿದಳು. ನಾನು ಸುಮ್ನೆ ಕಿತ್ತು ಎಸೆದೆ. ನಮ್ಮ ತುರಚಿಯಂಥ ಗಿಡವೂ ಉಂಟು, ಆದರೆ ಇಲ್ಲಿ ಅದು ಮರವೇ ಆಗಿ ಬೆಳೆಯುತ್ತದೆ. ಅದರ ಎಲೆ ತಾಗಿದರೆ ನೋವು ಬಹಳ ದಿನ ಬಿಡುವುದಿಲ್ಲವಂತೆ. ಅದರ ಹತ್ತಿರ ನಾನು ಹೋಗುವುದಿಲ್ಲ, ಹೆದರಬೇಡ.

ಒಂದು ಹಕ್ಕಿ ಇದೆ. ಕಾಣಿಸುವುದು ಕಡಿಮೆ, ಕೇಳಿಸುವುದು ಜಾಸ್ತಿ. ಗಂಡು ಉದ್ದಕ್ಕೆ ಸಿಳ್ಳೆ ಎಳೆದು, ಕೊನೆಗೆ ಚಾವಟಿ ಬೀಸಿದ ಹಾಗೆ ಛಟ್ ಅನ್ನಿಸುತ್ತದೆ. ಕ್ಷಣವೂ ತಡವಾಗದೆ ಹೆಣ್ಣು ಬೇರೆ ಪೊದೆಯಿಂದ ಚೂ ಚೂ ಅಂತ ಉತ್ತರ ಕೊಡುತ್ತದೆ. ಎರಡೂ ಒಂದೇ ಹಕ್ಕಿಯ ಕೂಗು ಅಂತ ನಾನು ಎಷ್ಟೋ ದಿನ ತಿಳಿದಿದ್ದೆ.

ನೀನು ನಂಬುವುದಿಲ್ಲ, ಇಲ್ಲಿ ನಮ್ಮ ಗಂಧಗರಿಗೆ ಮರ ಇದೆ. ಇವರು ಅದಕ್ಕೆ ಕೆಂಪು ಸೀಡರ್ ಅನ್ನುತ್ತಾರೆ. ಹೋಲುವ ಮರ ಅಲ್ಲ, ಘಟ್ಟದ ಕಾಡಿನಲ್ಲಿರುವ ಅದೇ ಜಾತಿ. ಚಳಿಗಾಲದಲ್ಲಿ ಎಲೆ ಉದುರಿಸಿ, ಆಮೇಲೆ ಕೆಂಪು ಚಿಗುರು ಬಿಡುತ್ತದೆ. ಬಿಳಿಯರು ಈ ಗುಡ್ಡಕ್ಕೆ ಮೊದಲು ಬಂದದ್ದೇ ಈ ಮರಕ್ಕಾಗಿ. ಕೆಂಪು ಚಿನ್ನ ಅಂತ ಕರೆದು ಕಡಿದು ಸಾಗಿಸಿದರು. ಆಮೇಲೆ ಉಳಿದ ಕಾಡನ್ನೂ ಸವರಿ ಹುಲ್ಲುಗಾವಲು ಮಾಡಿದರು. ಈಗ ಮಲೇನಿ ಸುತ್ತ ಎತ್ತ ನೋಡಿದರೂ ಹಸಿರು ಬ್ಯಾಣ, ದಪ್ಪ ದಪ್ಪ ಹಸುಗಳು. ಹಳೇ ಕಾಡು ಹೇಗಿತ್ತು ಅಂತ ನೋಡಬೇಕಾದರೆ ಪೇಟೆಯಾಚೆ ಇರುವ ಮೇರಿ ಕೇರ್ನ್‌ಕ್ರಾಸ್ ಅನ್ನುವ ಕಡೆ ಹೋಗಬೇಕು. ಮೂವರು ಅಕ್ಕತಂಗಿಯರು ತಮ್ಮ ತಾಯಿಯ ನೆನಪಿಗೆ 1941ರಲ್ಲಿ ಊರಿಗೆ ಬಿಟ್ಟುಕೊಟ್ಟ ಕಾಡು ಅದು. 55 ಹೆಕ್ಟೇರ್, ಅಂದರೆ ಸುಮಾರು 136 ಎಕರೆ. ರಜೆ ಸಿಕ್ಕಿದಾಗೆಲ್ಲ ನಾನು ಅಲ್ಲೇ ಇರುತ್ತೇನೆ.

ಈಗ ನಿನ್ನ ಎರಡನೇ ಪ್ರಶ್ನೆ. ಹೌದು, ಕಟ್ಟಿದ್ದಾರೆ. ಓಬಿ ಓಬಿ ಹೊಳೆ ಕಣಿವೆಗೆ ಇಳಿಯುವ ಜಾಗದಲ್ಲಿ, 1989ರಲ್ಲಿ. ಬರೂನ್ ಪಾಕೆಟ್ ಡ್ಯಾಂ ಅಂತ ಹೆಸರು. ಮಣ್ಣು ಕಲ್ಲು ಪೇರಿಸಿ ಮಾಡಿದ ಒಡ್ಡು. ಗೇಟು ಇಲ್ಲ. ತುಂಬಿದರೆ ನಮ್ಮ ಕೆರೆಯ ಹಾಗೆ ತಾನೇ ಕೋಡಿ ಬೀಳುತ್ತದೆ. ಕೆಳಗಿನ ಕರಾವಳಿ ಊರುಗಳಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುವುದು. ನಾನು ಅನ್ನ ಮಾಡುವ ನೀರಿನಲ್ಲೂ ಈ ಹೊಳೆ ಇದೆ, ಅದನ್ನು ಮರೆಯಬಾರದು. ಡ್ಯಾಂ ಚಿಕ್ಕದು, ಎರಡು ಟಿಎಂಸಿಗಿಂತ ಸ್ವಲ್ಪ ಮೇಲೆ ಅಷ್ಟೆ. ನಮ್ಮ ಲಿಂಗನಮಕ್ಕಿ ತುಂಬಬೇಕಾದರೆ ಇಂಥ ಎಪ್ಪತ್ತು ಬೇಕು. ದಡದಲ್ಲಿ ಜನ ಬುತ್ತಿ ತಂದು ಕೂರುತ್ತಾರೆ, ಮಕ್ಕಳು ದೋಣಿ ಹುಟ್ಟು ಹಾಕುತ್ತಾರೆ. ಅಲ್ಲಿಂದ ಕಾಡಿನೊಳಗೆ 58 ಕಿಲೋಮೀಟರ್ ನಡೆದು ಹೋಗುವ ದಾರಿ ಶುರುವಾಗುತ್ತದೆ. ನಾನು ಅರ್ಧ ದಿನದಷ್ಟು ನಡೆದು ವಾಪಸ್ ಬಂದೆ.

ಆ ದಿನ ನೀರಿನ ಅಂಚಿನಲ್ಲಿ ಕೂತಿದ್ದಾಗ ನನಗೂ ಒಂದು ಪ್ರಶ್ನೆ ಬಂತು. ಇದರ ಅಡಿಯಲ್ಲಿ ಏನಿತ್ತು?

ಕೇಳಿ, ಓದಿ ತಿಳಿದುಕೊಂಡೆ. ಇಲ್ಲಿ ಬನ್ಯಾ ಅನ್ನುವ ಮರ ಇದೆ. ನೆಟ್ಟಗೆ, ಕಾಡಿನ ತಲೆಯ ಮೇಲೆ ಎದ್ದು ನಿಲ್ಲುತ್ತದೆ. ಕಾಯಿ ಒಂದೊಂದೂ ಎಳೆ ಹಲಸಿನಕಾಯಿಯಷ್ಟು ದೊಡ್ಡದು, ಹತ್ತು ಕೆಜಿವರೆಗೂ ತೂಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಧೊಪ್ಪನೆ ಬೀಳುತ್ತದೆ. ಅದಕ್ಕೇ ಕಾಯಿ ಬಲಿತ ಕಾಲದಲ್ಲಿ ಮರದಡಿ ನಿಲ್ಲಬೇಡಿ ಅಂತ ಬೋರ್ಡು ಹಾಕಿರುತ್ತಾರೆ. ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಫಸಲು ಜೋರು. ಆ ವರ್ಷ ಮೂಲನಿವಾಸಿಗಳು ದೂರ ದೂರದಿಂದ ನಡೆದು ಬಂದು ಇಲ್ಲಿ ಸೇರುತ್ತಿದ್ದರಂತೆ. ಆ ಜಾಗ ಈ ಬರೂನ್. ತಿನ್ನುವುದು, ಕುಣಿಯುವುದು, ಜಗಳ ಇದ್ದರೆ ತೀರಿಸಿಕೊಳ್ಳುವುದು, ಹೆಣ್ಣು ಗಂಡು ನೋಡುವುದು, ಎಲ್ಲ ಅಲ್ಲೇ. ನಮ್ಮ ಕಡೆ ಜಾತ್ರೆಯಲ್ಲಿ ಆಗುತ್ತಿದ್ದ ಹಾಗೆ ಅಲ್ವಾ? 1840ರ ದಶಕದಲ್ಲಿ ಟಾಮ್ ಪೆಟ್ರಿ ಎಂಬ ಬಿಳಿಯ ಹುಡುಗ ಅವರ ಜೊತೆ ಈ ಬನ್ಯಾ ಹಬ್ಬಕ್ಕೆ ಹೋಗಿದ್ದ. ಒಂದೊಂದು ಮನೆತನಕ್ಕೂ ಇಂಥದ್ದೇ ಮರ ಅಂತ ಇತ್ತು, ಅಪ್ಪನಿಂದ ಮಗನಿಗೆ ಬರುತ್ತಿತ್ತು ಅಂತ ಅವನು ದೊಡ್ಡವನಾದ ಮೇಲೆ ಹೇಳಿದ್ದಾನೆ.

1842ರಲ್ಲಿ ಇಲ್ಲಿನ ಬ್ರಿಟಿಷ್ ಗವರ್ನರ್ ಗಿಪ್ಸ್ ಒಂದು ಆಜ್ಞೆ ಹೊರಡಿಸಿದ. ಬನ್ಯಾ ಮರ ಇರುವ ಸೀಮೆಗೆ ಹೊರಗಿನವರು ಹೋಗಿ ನೆಲೆಸಬಾರದು, ಮರ ಕಡಿಯಬಾರದು ಅಂತ. 1860ರಲ್ಲಿ ಅದನ್ನು ತೆಗೆದುಹಾಕಿದರು. ಹದಿನೆಂಟೇ ವರ್ಷ. ಆಮೇಲೆ ಗರಗಸ ಬಂತು, ಹಸು ಬಂತು, ಕೊನೆಗೆ ನೀರು ಬಂತು. ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ, ಅಜ್ಜಿ.

ಇಲ್ಲಿಯ ಒಬ್ಬ ಗೆಳತಿ ತನ್ನ ಹಿತ್ತಲಿನ ಬನ್ಯಾ ಕಾಯಿ ಕೊಟ್ಟಳು. ಸುಲಿದರೆ ಒಳಗೆ ಹೆಬ್ಬೆರಳಿಗಿಂತ ದಪ್ಪದ ಬೀಜ, ತುದಿ ಚೂಪು, ಸಿಪ್ಪೆ ಗಟ್ಟಿ. ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿದೆ. ಮುಚ್ಚಳ ತೆಗೆದಾಗ ಮಳೆ ಬಿದ್ದ ಕಾಡಿನ ವಾಸನೆ. ಸಿಪ್ಪೆ ಸೀಳಲು ಕತ್ತಿಯೇ ಬೇಕಾಯಿತು. ಬಾಯಿಗೆ ಹಾಕಿಕೊಂಡೆ ನೋಡು, ಹಲಸಿನ ಬೇಳೆ! ಸ್ವಲ್ಪ ಸಿಹಿ ಜಾಸ್ತಿ, ಅಷ್ಟೇ ವ್ಯತ್ಯಾಸ. ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಪಲ್ಯ ಮಾಡಿದೆ. ಮೂಲನಿವಾಸಿಗಳು ಎಳೆಯದನ್ನು ಹಸಿಯಾಗಿ ತಿನ್ನುತ್ತಿದ್ದರಂತೆ, ಬಲಿತದ್ದನ್ನು ಕೆಂಡದಲ್ಲಿ ಸುಡುತ್ತಿದ್ದರಂತೆ, ಉಳಿದದ್ದನ್ನು ಕೆಸರಿನಲ್ಲಿ ಹೂತಿಡುತ್ತಿದ್ದರಂತೆ. ನೀನು ಹಲಸಿನ ಬೇಳೆಗೆ ಮಣ್ಣು ಹಚ್ಚಿ ಮೂಲೆಯಲ್ಲಿ ಇಡುತ್ತಿದ್ದೆಯಲ್ಲ, ಹಾಗೇ.

ಇನ್ನೊಂದು ಸಂಗತಿ ಹೇಳಬೇಕು. ಇದನ್ನು ಅಪ್ಪನೂ ಕೇಳಲಿ.

2006ರಲ್ಲಿ ಮೇರಿ ನದಿಗೇ ದೊಡ್ಡ ಡ್ಯಾಂ ಕಟ್ಟುತ್ತೇವೆ ಅಂತ ಇಲ್ಲಿನ ರಾಜ್ಯ ಸರ್ಕಾರ ಹೇಳಿತು. ಬರ ಬಂದಿತ್ತು, ಪೇಟೆಗೆ ನೀರು ಬೇಕಿತ್ತು. ಟ್ರಾವೆಸ್ಟನ್ ಅನ್ನುವ ಜಾಗ. ಕಣಿವೆಯ ಜನ ಬಿಡಲಿಲ್ಲ. ಕಂಡಾಂಗಾದಂಥ ಸಣ್ಣ ಊರುಗಳ ರೈತರು ಮೂರು ವರ್ಷಕ್ಕೂ ಮೇಲೆ ಹೋರಾಡಿದರು. 2009ರ ನವೆಂಬರಿನಲ್ಲಿ ಕೇಂದ್ರದ ಪರಿಸರ ಮಂತ್ರಿ ಪೀಟರ್ ಗ್ಯಾರೆಟ್ ಬೇಡ ಅಂದರು. ಡ್ಯಾಂ ನಿಂತಿತು.

ಯಾರಿಗಾಗಿ ನಿಂತಿತು ಗೊತ್ತಾ? ಒಂದು ಮೀನು, ಒಂದು ಆಮೆ, ಕಾಡ್ (cod) ಅನ್ನುವ ಇನ್ನೊಂದು ಮೀನು, ಈ ಮೂರಕ್ಕೆ. ಮೊದಲನೆಯದು ಶ್ವಾಸಕೋಶ ಇರುವ ಮೀನು. ಕಿವಿರು ಸಾಲದಾದಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ. ಪ್ರಪಂಚದಲ್ಲಿ ಅದರ ಮೂಲ ಮನೆ ಅಂದರೆ ಈ ಮೇರಿ ಮತ್ತು ಪಕ್ಕದ ಬರ್ನೆಟ್ ನದಿ. ದಡದ ಹತ್ತಿರ ಕಡಿಮೆ ನೀರಿನಲ್ಲಿ, ನೀರೊಳಗಿನ ಗಿಡಗಳ ಮೇಲೆ ಮೊಟ್ಟೆ ಇಡುತ್ತದೆ. ಡ್ಯಾಂ ಕಟ್ಟಿದರೆ ಅಂಚಿನ ನೀರು ಏರುತ್ತ ಇಳಿಯುತ್ತ ಇರುತ್ತದೆ, ಆ ಗಿಡ ನಿಲ್ಲುವುದಿಲ್ಲ. ಇದರ ಆಯುಸ್ಸು ದೊಡ್ಡದು. 1933ರಲ್ಲಿ ಅಮೆರಿಕದ ಶಿಕಾಗೋಗೆ ಕಳಿಸಿದ್ದ ಒಂದು ಮೀನು ಅಲ್ಲಿನ ಮತ್ಸ್ಯಾಲಯದಲ್ಲಿ 2017ರವರೆಗೆ ಬದುಕಿತ್ತು. ಆಮೆಯದ್ದು ಇನ್ನೂ ವಿಚಿತ್ರ. ಅದು ನೀರಿನೊಳಗೆ ಹಿಂಭಾಗದಿಂದಲೂ ಉಸಿರಾಡುತ್ತದೆ. ಅದರ ಮರಿಗಳನ್ನು ಎಷ್ಟೋ ವರ್ಷ ಅಂಗಡಿಯಲ್ಲಿ ಮಾರುತ್ತಿದ್ದರು, ಎಲ್ಲಿಯದು ಅಂತ ವಿಜ್ಞಾನಿಗಳಿಗೇ ತಿಳಿದಿರಲಿಲ್ಲ. ಅದಕ್ಕೆ ಹೆಸರಿಟ್ಟದ್ದೇ 1994ರಲ್ಲಿ.

ಕೆನಿಲ್‌ವರ್ತ್ ಹತ್ತಿರ ಒಂದು ಸಂಜೆ ಆ ಮೀನನ್ನು ಕಂಡೆ. ಕಂಡೆ ಅನ್ನುವುದಕ್ಕಿಂತ ಕೇಳಿದೆ ಅನ್ನಬೇಕು. ಮಡುವಿನ ನೀರು ಅಲ್ಲಾಡದೆ ಇತ್ತು. ಇದ್ದಕ್ಕಿದ್ದಂತೆ ಯಾರೋ ಮುದುಕರು ಉಸಿರು ಎಳೆದುಕೊಂಡ ಹಾಗೆ ಸದ್ದು. ಅಗಲವಾದ ತಲೆ, ಹಸಿರು ಕಂದು ಬೆನ್ನು, ಅಂಗೈಯಷ್ಟು ದೊಡ್ಡ ಪೊರೆಗಳೇನೋ ಅನ್ನಿಸಿತು. ಒಂದು ಉಸಿರು, ಮತ್ತೆ ಒಳಗೆ. ನೀರಿನ ಉಂಗುರ ನನ್ನ ಕಾಲಿನವರೆಗೂ ಬಂತು.

ನಾನು ಕೆಲಸ ಮಾಡುವ ವೃದ್ಧರ ಮನೆಯಲ್ಲಿ ಆ ಕಣಿವೆಯ ಒಬ್ಬ ಅಜ್ಜ ಇದ್ದಾರೆ. ಹೆಸರು ಹೇಳುವ ಹಾಗಿಲ್ಲ, ಕೆಲಸದ ನಿಯಮ. ಡ್ಯಾಂ ಬಂದೇ ಬರುತ್ತದೆ ಅಂತ ನಂಬಿ ಅವರು ಹಸುಗಳನ್ನೂ ಜಮೀನನ್ನೂ ಮಾರಿ ಹೊರಟುಬಿಟ್ಟಿದ್ದರು. ಹಾಗೆ ಹೋದವರು ಬಹಳ ಜನ. ಆಮೇಲೆ ಡ್ಯಾಂ ಬರಲಿಲ್ಲ. "ನದಿ ಉಳಿಯಿತು, ನಾನು ಉಳಿಯಲಿಲ್ಲ" ಅಂದರು ಒಂದು ರಾತ್ರಿ, ಮಾತ್ರೆ ಕೊಡುವಾಗ. ಡ್ಯಾಂ ನೀರಿಗೆ ಊರು ಬಿಟ್ಟ ನಿನ್ನ ಕತೆಯನ್ನು ನಾನು ಅವರಿಗೆ ಹೇಳಿದೆ. ಲಾರಿ ಬಂದದ್ದು, ಬಾಗಿಲು ಕಿಟಕಿ ಕಿತ್ತು ಹೇರಿದ್ದು, ಬೆಕ್ಕು ಲಾರಿ ಹತ್ತದೆ ಅಡಿಗೆಮನೆಗೆ ವಾಪಸ್ ಓಡಿದ್ದು. ಅವರು ತುಂಬ ಹೊತ್ತು ಸುಮ್ಮನಿದ್ದು, ಬೆಕ್ಕಿನ ಬಣ್ಣ ಯಾವುದು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ಅವತ್ತಿನಿಂದ ಅದೇ ತಲೆಯಲ್ಲಿದೆ. ಬರೂನ್ ನೀರಿನಡಿ ಹೋದರೂ ಹೆಸರು ಹೋಗಿಲ್ಲ, ಹಬ್ಬದ ಕತೆ ಹೋಗಿಲ್ಲ, ಹೇಳುವವರು ಇದ್ದಾರೆ. ಈ ಸೀಮೆ ಜಿನಿಬಾರಾ ಅನ್ನುವ ಮೂಲನಿವಾಸಿ ಜನರದ್ದು ಅಂತ 2012ರಲ್ಲಿ ಕೋರ್ಟು ಒಪ್ಪಿಕೊಂಡಿತು. ನಮ್ಮಲ್ಲಿ ಅಪ್ಪ ಹಕ್ಕುಪತ್ರಕ್ಕೆ ಅಲೆಯುವುದು ಇನ್ನೂ ಮುಗಿದಿಲ್ಲ. ಅದು ಸಿಗುವ ದಿನ ಸಿಗಲಿ. ಆದರೆ ನಿನ್ನ ಊರಿನ ಹೆಸರುಗಳು ನಿನ್ನ ಬಾಯಲ್ಲಿ ಮಾತ್ರ ಇವೆ. ನಾನು ಬರೆದಿಟ್ಟುಕೊಂಡಿಲ್ಲ. ನನ್ನದೇ ತಪ್ಪು.

ಪುಟ್ಟಾ, ಈ ಮೇ ತಿಂಗಳಲ್ಲಿ ನೀರು ಇಳಿದಾಗ ಒಂದು ಕೆಲಸ ಮಾಡು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿರುವ 1948ರ ಹಿರೇಭಾಸ್ಕರ ಡ್ಯಾಂ ತಲೆ ಎತ್ತುತ್ತದಲ್ಲ, ಆ ಹೊತ್ತಿಗೆ. ಅಜ್ಜಿಯನ್ನು ಸೇತುವೆ ಮೇಲಲ್ಲ, ದಡಕ್ಕೆ ಕರೆದುಕೊಂಡು ಹೋಗು. ಕೊಡೆ, ಕುರ್ಚಿ, ಮಜ್ಜಿಗೆ ತೆಗೆದುಕೊ. ಫೋನಿನಲ್ಲಿ ರೆಕಾರ್ಡ್ ಹಾಕಿ ಪಕ್ಕಕ್ಕಿಡು. ನಡುವೆ ಬಾಯಿ ಹಾಕಬೇಡ. ಯಾವ ಕಡೆ ಮನೆ, ಯಾವ ಕಡೆ ಭೂತನ ಬನ, ಬಾವಿ ಎಲ್ಲಿ, ಲಾರಿ ನಿಂತದ್ದು ಎಲ್ಲಿ, ಎಲ್ಲ ಹೇಳಲಿ. ಬೆಕ್ಕಿನ ಬಣ್ಣ ಕೂಡ. ಈ ಅಜ್ಜ ಕೇಳುತ್ತಾರೆ.

ಅಜ್ಜಿ, ನಿಮ್ಮ ಗದ್ದೆಗಳಿಗೆಲ್ಲ ಒಂದೊಂದು ಹೆಸರಿತ್ತು ಅಂತ ಹೇಳುತ್ತಿದ್ದೆ. ಮಲಗುವ ಮೊದಲು ನೆನಪು ಮಾಡಿಕೊಳ್ಳುತ್ತೇನೆ. ಕಟ್ಟಿನಗದ್ದೆ, ಬಸರಿಮರದ ಗದ್ದೆ, ಅರಲುಗದ್ದೆ. ಹೊಳೆಗೆ ತಾಗಿಕೊಂಡಿದ್ದ ನಾಲ್ಕನೆಯದರ ಹೆಸರು ಏನು?

ನಿನ್ನ ಮೊಮ್ಮಗಳು