ಗಂಟಿನ ಬಗ್ಗೆ ಬರೆದಿರಿ, ಅದರ ಸುತ್ತ ಇರುವುದರ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು ತಪ್ಪದೆ ಓದುತ್ತೇನೆ. ಗಂಟು ಕಂಡರೆ ಡಾಕ್ಟರ ಹತ್ತಿರ ಹೋಗಿ, ಮನೆತನದಲ್ಲಿ ಯಾರಿಗಾದರೂ ಇದ್ದರೆ ಹುಷಾರಾಗಿರಿ ಅಂತ ಬರೆಯುತ್ತೀರಿ, ಎಲ್ಲಾ ಸರಿ. ಆದರೆ ಆ ಗಂಟಿನ ಸುತ್ತ ಏನಿದೆ ಅನ್ನುವ ಮಾತೇ ಬರುವುದಿಲ್ಲ.

ನನ್ನ ಅಕ್ಕನ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೆ. ಮಂಜು ಕವಿದ ಹಾಗೆ ಬರೀ ಬಿಳುಪು. ರಿಪೋರ್ಟಿನಲ್ಲಿ ‘ಡೆನ್ಸ್, ಸಿ’ ಅಂತ ಒಂದು ಸಾಲು ಇತ್ತು. ಕೇಳಿದರೆ ‘ಅದೇನಿಲ್ಲ, ನಾರ್ಮಲ್’ ಅಂದರು. ಅಕ್ಕ ಫೈಲು ಎತ್ತಿಟ್ಟಳು. ಆ ಸಾಲಿನ ಅರ್ಥ ತಿಳಿಯಲು ನಾನು ಎಷ್ಟೋ ರಾತ್ರಿ ಕೂತು ಓದಬೇಕಾಯಿತು.

ಸ್ತನದಲ್ಲಿ ಕೊಬ್ಬು ಇರುತ್ತದೆ, ಹಾಲಿನ ಗ್ರಂಥಿ ಇರುತ್ತದೆ, ಇವನ್ನೆಲ್ಲ ಹಿಡಿದಿಡುವ ನಾರೂ ಇರುತ್ತದೆ. ಆ ನಾರಿನ ಮುಖ್ಯ ಸರಕೇ ಕೊಲಾಜೆನ್ ಎಂಬ ಪ್ರೋಟೀನ್. ಫಿಲ್ಮಿನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ನಾರು ಮತ್ತು ಗ್ರಂಥಿ ಬೆಳ್ಳಗೆ. ಕಷ್ಟ ಏನೆಂದರೆ ಕ್ಯಾನ್ಸರ್ ಕೂಡ ಬೆಳ್ಳಗೇ ಕಾಣುತ್ತದೆ, ಹಾಗಾಗಿ ಬಿಳುಪಿನೊಳಗೆ ಬಿಳುಪು ಸೇರಿ ಮರೆಯಾಗಿಬಿಡಬಹುದು. ಈ ಬಿಳುಪು ಜಾಸ್ತಿ ಇದ್ದರೆ ಅದನ್ನೇ ‘ಡೆನ್ಸ್’, ಅಂದರೆ ದಟ್ಟ ಅನ್ನುತ್ತಾರೆ. ಅಷ್ಟೇ ಅಲ್ಲ, ದಟ್ಟವಾಗಿರುವುದೇ ಕ್ಯಾನ್ಸರ್ ಬರುವ ಅಪಾಯವನ್ನು ಜಾಸ್ತಿ ಮಾಡುತ್ತದೆ. ಕೆನಡಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನದ ಶೇ 75 ಅಥವಾ ಅದಕ್ಕಿಂತ ಹೆಚ್ಚು ಭಾಗ ದಟ್ಟ ಇದ್ದವರಿಗೆ ಶೇ 10ಕ್ಕಿಂತ ಕಡಿಮೆ ಇದ್ದವರಿಗಿಂತ ಸುಮಾರು 4.7 ಪಟ್ಟು ಅಪಾಯ ಕಂಡುಬಂತು. 2008ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲೂ, ಕೊಲಾಜೆನ್ ಜಾಸ್ತಿ ಇದ್ದ ಇಲಿಗಳಲ್ಲಿ ಗೆಡ್ಡೆ ಸುಮಾರು ಮೂರು ಪಟ್ಟು ಹೆಚ್ಚು ಹುಟ್ಟಿತು.

ಇದು ಹೇಗೆ ನಡೆಯುತ್ತದೆ ಅಂತ ಓದಿದಾಗ ಮೈ ಜುಮ್ಮೆಂದಿತು. ಆರೋಗ್ಯವಾಗಿರುವ ಸ್ತನದಲ್ಲಿ ಈ ನಾರು ಹಾಲಿನ ನಾಳಗಳ ಸುತ್ತ ಸುರುಳಿ ಸುರುಳಿಯಾಗಿ, ಮೆತ್ತಗೆ ಇರುತ್ತದೆ. ಕ್ಯಾನ್ಸರ್ ಶುರುವಾದ ಮೇಲೆ ಪಕ್ಕದ ಕೋಶಗಳು ಅದಕ್ಕೆ ತಾಳ ಹಾಕತೊಡಗುತ್ತವೆ, ಇನ್ನಷ್ಟು ನಾರು ನೇಯುತ್ತವೆ, ಎಳೆ ಎಳೆಗೆ ಬೆಸುಗೆ ಬಿದ್ದು ಜಾಗ ಗಟ್ಟಿಯಾಗುತ್ತದೆ. ಕೈಗೆ ಸಿಗುವ ಆ ಗಡಸುತನದಲ್ಲಿ ಈ ನಾರಿನ ಪಾಲು ದೊಡ್ಡದು. ಆಮೇಲೆ ಸುರುಳಿ ಬಿಚ್ಚಿಕೊಂಡು, ಮಗ್ಗಕ್ಕೆ ಹಾಸಿದ ನೂಲಿನ ಹಾಗೆ ಎಳೆಗಳು ನೆಟ್ಟಗಾಗುತ್ತವೆ, ಗೆಡ್ಡೆಯ ಅಂಚಿನಿಂದ ಹೊರಕ್ಕೆ ಮುಖ ಮಾಡಿ ನಿಲ್ಲುತ್ತವೆ. ಕ್ಯಾನ್ಸರ್ ಕೋಶಗಳು ಆ ಎಳೆ ಹಿಡಿದು ತೆವಳಿಕೊಂಡು ಹೊರಗೆ ಹೋಗುತ್ತವೆ. ಇಂಥ ನೆಟ್ಟಗಿನ ನಾರು ಕಂಡ ಮಹಿಳೆಯರಲ್ಲಿ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು ಅಂತ 2011ರಲ್ಲೇ ತೋರಿಸಿದ್ದಾರೆ.

ಇದು ಇವತ್ತಿನ ಮಾತೂ ಅಲ್ಲ. 1889ರಲ್ಲೇ ಲಂಡನ್ನಿನ ಸ್ಟೀಫನ್ ಪೇಜೆಟ್ ಎಂಬ ಸರ್ಜನ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆ ನೋಡಿ, ಕ್ಯಾನ್ಸರ್ ಕೋಶವೆಂಬ ಬೀಜ ದೇಹದಲ್ಲಿ ಎಲ್ಲಾ ಕಡೆ ಬೀಳಬಹುದು, ಆದರೆ ಒಗ್ಗುವ ಮಣ್ಣಿದ್ದಲ್ಲಿ ಮಾತ್ರ ಮೊಳೆಯುತ್ತದೆ ಅಂದಿದ್ದರು. ನಾವು ಇನ್ನೂ ಬೀಜದ ಬಗ್ಗೆ ಮಾತ್ರ ಮಾತಾಡುತ್ತಿದ್ದೇವೆ, ಅಲ್ವಾ?

ಹಾಗಂತ ಕೊಲಾಜೆನ್ ಶತ್ರು ಅಂತ ಯಾರೂ ತಿಳಿಯಬಾರದು. ಹಾಲಿನ ನಾಳದ ಸುತ್ತ ಇನ್ನೊಂದು ಬಗೆಯ ಕೊಲಾಜೆನ್ನಿನ ತೆಳು ಪೊರೆ ಇರುತ್ತದೆ, ಅದು ಬೇಲಿಯ ಹಾಗೆ ಕ್ಯಾನ್ಸರನ್ನು ಒಳಗೇ ತಡೆದು ನಿಲ್ಲಿಸುತ್ತದೆ. ಜಾಹೀರಾತಿನಲ್ಲಿ ಬರುವ ಕೊಲಾಜೆನ್ ಪುಡಿಗೂ ಇದಕ್ಕೂ ಗಂಟು ಹಾಕಬೇಡಿ. ಅದು ಹೊಟ್ಟೆಗೆ ಹೋದರೆ ಬೇರೆ ಪ್ರೋಟೀನಿನ ಹಾಗೆಯೇ ಜೀರ್ಣವಾಗುತ್ತದೆ. ನಾನು ಹೇಳುತ್ತಿರುವುದು ದೇಹ ತಾನೇ ನೇಯುವ ನಾರಿನ ವಿಷಯ.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಈ ಕಾಯಿಲೆ ಬಗ್ಗೆ ಬರೆಯುವಾಗ ರಿಪೋರ್ಟಿನ ಆ ನಾಲ್ಕು ಅಕ್ಷರ ಏನು ಅಂತ ದಪ್ಪಕ್ಷರದಲ್ಲಿ ಹಾಕಿ. ಎ ಅಂದರೆ ಹೆಚ್ಚಾಗಿ ಕೊಬ್ಬು, ಬಿ ಅಂದರೆ ಅಲ್ಲಲ್ಲಿ ದಟ್ಟ, ಸಿ ಅಂದರೆ ಬಹುಪಾಲು ದಟ್ಟ, ಡಿ ಅಂದರೆ ತುಂಬಾ ದಟ್ಟ. ಮುಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಫಿಲ್ಮಿನಲ್ಲೇ ಕಾಣಬೇಕು ಅಂತಲೂ ಬರೆಯಿರಿ. ಸಿ ಅಥವಾ ಡಿ ಇದ್ದವರು ಗಾಬರಿಯಾಗದೆ, ಸುಮ್ನೆ ಫೈಲು ಎತ್ತಿಡದೆ, ‘ನನಗೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕಾ?’ ಅಂತ ಡಾಕ್ಟರನ್ನು ಕೇಳಬಹುದು. ಅಕ್ಕನಿಗೆ ಆ ಪ್ರಶ್ನೆ ಕೇಳಬೇಕು ಅಂತ ಆವತ್ತು ಗೊತ್ತೇ ಇರಲಿಲ್ಲ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು