ಲಸಿಕೆ ಶಿಬಿರದಲ್ಲಿ ಹಲ್ಲನ್ನೂ ನೋಡಿ

ಮಾನ್ಯರೇ,

'ನಾಯಿ ಅಂದ್ಮೇಲೆ ಬಾಯಿ ವಾಸನೆ ಇದ್ದದ್ದೇ, ಅದಕ್ಕೂ ಬ್ರಷ್ ಮಾಡ್ತಾರಾ?' ಎಂದು ನಗುವವರೇ ಜಾಸ್ತಿ. ಗಬ್ಬು ವಾಸನೆ ಬರುತ್ತಿದ್ದರೆ ಹೆಚ್ಚಾಗಿ ಒಸಡು ಕೆಟ್ಟಿರುತ್ತದೆ. ನಿಮ್ಮ ನಾಯಿಯ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಹಿಂದಕ್ಕೆ ಸರಿಸಿ ನೋಡಿ. ಅಲ್ಲಿ ಕಾಣುವ ದೊಡ್ಡ ಹಲ್ಲಿನ ಹತ್ತಿರವೇ ಜೊಲ್ಲು ಬರುವ ನಾಳ ಇರುವುದರಿಂದ ಪಾಚಿ ಬೇಗ ಕಟ್ಟುವುದೂ ಅಲ್ಲೇ, ಒಸಡಿನ ಅಂಚಿಗೆ ಹಳದಿ ಗೆರೆಯ ಹಾಗೆ. ಕೆಲವೇ ದಿನ ಬಿಟ್ಟರೆ ಅದು ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ಡಾಕ್ಟರು ಅರಿವಳಿಕೆ ಕೊಟ್ಟೇ ತೆಗೆಯಬೇಕು.

ನಾವು ಹಲ್ಲುಜ್ಜುವ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿಗೆ ಮುಕ್ಕಳಿಸಿ ಉಗುಳಲು ಬರುತ್ತದೆಯೇ? ಎಲ್ಲಾ ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ, ರಕ್ತದ ಸಕ್ಕರೆ ಧಡಕ್ಕನೆ ಇಳಿದುಬಿಡುತ್ತದೆ. ಹಲ್ಲುನೋವಿಗೆ ಮನೆಮದ್ದು ಅಂತ ಬೆಕ್ಕಿಗೆ ಲವಂಗದೆಣ್ಣೆಯನ್ನೂ ಹಚ್ಚಬೇಡಿ. ಪ್ರಾಣಿಗಳಿಗೆಂದೇ ಕೋಳಿಮಾಂಸದ ರುಚಿಯ ಪೇಸ್ಟ್ ಸಿಗುತ್ತದೆ. ಮೊದಲು ಸುಮ್ನೆ ಬೆರಳಿಗೆ ಹಚ್ಚಿ ನೆಕ್ಕಿಸಿ, ರೂಢಿಯಾದ ಮೇಲೆ ಬ್ರಷ್. ದುಡ್ಡಿಲ್ಲ ಅಂದರೆ ಬೆರಳಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿಕೊಂಡು ದಿನಾ ಉಜ್ಜಿದರೂ ಎಷ್ಟೋ ವಾಸಿ. ಹೊರಬದಿ ಉಜ್ಜಿದರೆ ಸಾಕು, ಒಳಬದಿಯನ್ನು ತಕ್ಕಮಟ್ಟಿಗೆ ನಾಲಿಗೆಯೇ ನೋಡಿಕೊಳ್ಳುತ್ತದೆ.

ಇನ್ನು ಮೂಳೆ. 'ಮಟನ್ ಅಂಗಡಿ ಮೂಳೆ ಕಡೀಲಿ, ಹಲ್ಲು ತಾನೇ ಕ್ಲೀನ್ ಆಗುತ್ತೆ' ಎನ್ನುತ್ತಾರೆ. ಗಟ್ಟಿ ಮೂಳೆ ಕಡಿದು ಸೀಳಿಹೋಗುವುದು ಎಷ್ಟೋ ಸಲ ಅದೇ ದೊಡ್ಡ ಹಲ್ಲು!

ಬೆಕ್ಕಿನದು ಇನ್ನೂ ಕಷ್ಟ, ನೋವಿದ್ದರೂ ತೋರಿಸಿಕೊಳ್ಳುವುದಿಲ್ಲ. ತಟ್ಟೆಯ ಹತ್ತಿರ ಬಂದು ವಾಪಸ್ ಹೋಗುವುದು, ಒಂದೇ ಕಡೆ ಅಗಿಯುವುದು, ಬಾಯಿಂದ ತಿಂಡಿ ಬೀಳಿಸುವುದು ಕಂಡರೆ ಬ್ರಷ್ ಹಿಡಿಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಪಶುಸಂಗೋಪನಾ ಇಲಾಖೆಗೆ ನನ್ನದೊಂದು ಕೋರಿಕೆ. ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರ ನಡೆಸುತ್ತೀರಿ, ಜನ ನಾಯಿ ಹಿಡಿದುಕೊಂಡು ಸಾಲಲ್ಲಿ ನಿಂತಿರುತ್ತಾರೆ. ಆಗ ಒಂದು ಸಾಧು ನಾಯಿಯ ತುಟಿ ಎತ್ತಿ, ಎಲ್ಲಿ ನೋಡಬೇಕು, ಹೇಗೆ ಉಜ್ಜಬೇಕು ಅಂತ ಎರಡು ನಿಮಿಷ ತೋರಿಸಬಹುದಲ್ವಾ? ಖರ್ಚೇನೂ ಇಲ್ಲ. ಆದರೆ ಸೂಜಿಗೆ ಮೊದಲೇ ತೋರಿಸಿ, ಚುಚ್ಚಿದ ಮೇಲೆ ಯಾವ ನಾಯಿಯೂ ಬಾಯಿ ಮುಟ್ಟಿಸಿಕೊಳ್ಳುವುದಿಲ್ಲ.

– ಓದುಗರೊಬ್ಬರು, ತುಮಕೂರು