ಪುಟ್ಟಿಯ ಇಂಗ್ಲಿಷ್ ಕಾರ್ಡು

ನ್ಯೂರೆಂಬರ್ಗ್

ಪ್ರೀತಿಯ ಅಕ್ಕಾ,

ನಾನು ಆರಾಮು. ಆಯಿಯ ಮಂಡಿನೋವು ಹೇಗಿದೆ? ಅಡಿಕೆಯ ಕೊನೆಕೊಯ್ಲು ಶುರುವಾಯ್ತಾ? ಕೊನೆಗೌಡ ಈ ವರ್ಷವಾದರೂ ಹೇಳಿದ ದಿನಕ್ಕೆ ಬಂದನಾ?

ಪುಟ್ಟಿಗೆ ಇಂಗ್ಲಿಷ್ ಪದ ತಲೆಯಲ್ಲಿ ನಿಲ್ಲುತ್ತಿಲ್ಲ, ಶಿರಸಿ ಪೇಟೆಯಿಂದ ಚಿತ್ರದ ಕಾರ್ಡಿನ ಸೆಟ್ ತರಲಾ ಅಂತ ಕೇಳಿದ್ದೆಯಲ್ಲ. ಬೇಡ ಮಾರಾಯ್ತಿ. ಅದರಲ್ಲಿ ಇಗ್ಲೂ, ಯಾಕ್, ಝೈಲೋಫೋನ್ ಇರುತ್ತವೆ. ಅವನ್ನೆಲ್ಲ ಅವಳು ಎಲ್ಲಿ ಕಾಣಬೇಕು?

ಮನೆಯಲ್ಲೇ ಮಾಡಿ. ಹಳೇ ಲಗ್ನಪತ್ರಿಕೆಗಳು ರಾಶಿ ಬಿದ್ದಿವೆ ಅಲ್ವಾ? ಇಸ್ಪೀಟು ಎಲೆಯಷ್ಟು ಕತ್ತರಿಸಿ, ಅಚ್ಚಾದ ಮಗ್ಗುಲು ಒಳಗೆ ಹೋಗುವ ಹಾಗೆ ಎರಡೆರಡು ತುಂಡು ಅಂಟಿಸು. ಒಂದು ಕಡೆ ಚಿತ್ರ, ಹಿಂದೆ ಇಂಗ್ಲಿಷ್ ಪದ. ಚಿತ್ರ ಅವಳೇ ಬಿಡಿಸಲಿ. ದನ ನಾಯಿಯ ಹಾಗೆ ಕಂಡರೂ ಅಡ್ಡಿಯಿಲ್ಲ, ಅದು ದನ ಅಂತ ಅವಳಿಗೆ ಗೊತ್ತಿದ್ದರೆ ಸಾಕು. ಬಾವಿ, ಹಗ್ಗ, ಏಣಿ, ಕತ್ತಿ ಮೊದಲು. ಆಮೇಲೆ ಕೆಲಸಗಳು: ಕೊನೆಗೌಡ ಮರ ಹತ್ತುವುದು, ಆಯಿ ಮಜ್ಜಿಗೆ ಬಗ್ಗಿಸುವುದು. ‘ಬಿಕಾಸ್’ ಥರದವಕ್ಕೆ ಚಿತ್ರ ಹುಡುಕುತ್ತ ಕೂರಬೇಡ, ಅವು ವಾಕ್ಯದಲ್ಲೇ ಬರಲಿ. ಉಚ್ಚಾರವನ್ನು ಶಾಲೆಯ ಅಕ್ಕೋರ ಬಾಯಲ್ಲಿ ಕೇಳಿಸಿಕೊಳ್ಳಲಿ.

ಇಲ್ಲಿ ಜರ್ಮನಿಯಲ್ಲಿ ಪಕ್ಕದ ಮನೆಯ ಹುಡುಗನೂ ಇಂಗ್ಲಿಷ್ ಕಲಿಯುತ್ತಿದ್ದಾನೆ. ಅವನ ಹತ್ತಿರ ಐದು ಖಾನೆಯ ಪೆಟ್ಟಿಗೆ ಇದೆ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಪುಸ್ತಕ ಬರೆದು ಹಬ್ಬಿಸಿದ ಉಪಾಯ ಇದು. ಹೊಸ ಕಾರ್ಡೆಲ್ಲ ಮೊದಲ ಖಾನೆಗೆ. ಚಿತ್ರ ನೋಡಿ ಪದ ಸರಿಯಾಗಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ. ತಪ್ಪಿದರೆ ಎಲ್ಲಿದ್ದರೂ ಮತ್ತೆ ಮೊದಲನೆಯದಕ್ಕೇ. ಮೊದಲ ಖಾನೆಯನ್ನು ದಿನಾ ತೆಗೆಯಬೇಕು. ಮುಂದಿನವನ್ನು ಎರಡು ದಿನಕ್ಕೆ, ವಾರಕ್ಕೆ, ಹೀಗೆ ಬಿಟ್ಟು ಬಿಟ್ಟು. ಬರುವ ಪದವನ್ನೇ ಗಿಳಿಪಾಠ ಒಪ್ಪಿಸುವುದು ತಪ್ಪುತ್ತದೆ, ಮರೆತದ್ದು ದಿನಾ ಎದುರಿಗೆ ಬರುತ್ತದೆ. ನಿಮಗೆ ಚಪ್ಪಲಿಯ ರಟ್ಟಿನ ಡಬ್ಬಿ ಸಾಕು, ಮಧ್ಯೆ ರಟ್ಟು ಸಿಕ್ಕಿಸಿದರೆ ಆಯ್ತು.

ಭಾವನಿಗೆ ಒಂದು ಮಾತು ಹೇಳು. ಪುಟ್ಟಿ ತಡವರಿಸಿದ ಕೂಡಲೇ ಅವರು ಉತ್ತರ ಹೇಳಿಬಿಡುತ್ತಾರೆ, ನನಗೆ ಗೊತ್ತು. ಸುಮ್ನೆ ಕೂತಿರಲಿ. ತಾನೇ ನೆನಪಿಗೆ ತಂದುಕೊಳ್ಳಲು ಒದ್ದಾಡಿದರೇ ಪದ ಗಟ್ಟಿಯಾಗುವುದು. ಕಾರ್ಡು ತಿರುಗಿಸುವುದೂ ಅವಳ ಕೈಯಲ್ಲೇ ಆಗಲಿ.

ಅಂದಹಾಗೆ, ಕೊಮೇನಿಯಸ್ ಎಂಬ ಮೇಷ್ಟ್ರು ಮಕ್ಕಳಿಗೆ ಲ್ಯಾಟಿನ್ ಕಲಿಸಲು ಮಾಡಿದ ಚಿತ್ರದ ಪಠ್ಯಪುಸ್ತಕ 1658ರಲ್ಲಿ ಅಚ್ಚಾದದ್ದು ನಾನಿರುವ ಇದೇ ಊರಿನಲ್ಲಿ. ಆಯಿ ಇದನ್ನು ಕೇಳಿದರೆ ‘ಹೊಸತೇನು ಹೇಳಿದ ಹಾಗಾಯ್ತು’ ಅನ್ನುತ್ತಾಳೆ ನೋಡು.

ಮಳೆಗಾಲದಲ್ಲಿ ಕಾರ್ಡಿಗೆ ಬೂಷ್ಟು ಹಿಡಿಯುತ್ತದೆ, ಆಗ ಬಿಸ್ಕಿಟ್ ಡಬ್ಬಿಯಲ್ಲಿ ಮುಚ್ಚಿಡು. ನ್ಯೂರೆಂಬರ್ಗ್ ಪೆನ್ಸಿಲ್ಲಿಗೆ ಹೆಸರಾದ ಊರು. ಬರುವ ತಿಂಗಳು ಸ್ನೇಹಿತರೊಬ್ಬರು ಶಿರಸಿಗೆ ಬರುತ್ತಾರೆ, ಅವರ ಕೈಯಲ್ಲಿ ಪುಟ್ಟಿಗೆ ಬಣ್ಣದ ಪೆನ್ಸಿಲ್ ಕಳಿಸುತ್ತೇನೆ. ವಾಪಸ್ ಬರುವಾಗ ಅವರ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸು. ಬಾಟಲಿಯ ಬಾಯಿ ಗಟ್ಟಿ ಕಟ್ಟು, ಅವರ ಬಟ್ಟೆಯೆಲ್ಲ ಎಣ್ಣೆಯಾದರೆ ಮತ್ತೆ ಯಾರೂ ತರುವುದಿಲ್ಲ.

ನಿನ್ನ ತಮ್ಮ